ತವರಿಗೆ ಹೋದ ಪ್ರೊಸೆಸರ್

ನನಗೆ ಆಷಾಢ ಮಾಸವೆಂದರೆ ಬಹಳ ಇಷ್ಟ. ಈ ಮಾತನ್ನು ನಮ್ಮ ಮನೆಯಲ್ಲಿ ಗಟ್ಟಿಯಾಗಿ ಹೇಳುವ ಹಾಗಿಲ್ಲ. ನಮ್ಮತ್ತೆಯವರ ಕಿವಿಗೆ ಬಿದ್ದರೆ "ಬಿಡ್ತು ಅನ್ನು" ಎನ್ನುತ್ತಾರೆ, ಅನ್ನುವ ತನಕ ಕಾಫಿ ಲೋಟ ಕೈಗೆ ಕೊಡುವುದಿಲ್ಲ. ನಿಮ್ಮ ಹತ್ತಿರ ಹೇಳಿಕೊಳ್ಳಲು ಏನು ಅಡ್ಡಿ? ವರ್ಷದಲ್ಲಿ ನನ್ನ ಕಣ್ಣಿಗೂ ಬೆನ್ನಿಗೂ ಒಟ್ಟಿಗೆ ರಜೆ ಸಿಗುವುದು ಆ ಒಂದೇ ತಿಂಗಳು. ಪಿತೃಪಕ್ಷವೂ ಇದೆ, ಧನುರ್ಮಾಸವೂ ಇದೆ, ಆದರೆ ಅವಕ್ಕೆ ಆಷಾಢದ ಗತ್ತಿಲ್ಲ.

ನಾನು ಲಗ್ನಪತ್ರಿಕೆ ಮಾಡುವವಳು. ಬರೆಯುವವಳಲ್ಲ, ಅದನ್ನು ಪುರೋಹಿತರು ಬರೆಯುತ್ತಾರೆ. ಅಚ್ಚು ಹಾಕುವವಳೂ ಅಲ್ಲ, ಅದನ್ನು ಬನಶಂಕರಿಯಲ್ಲಿ ಪ್ರೆಸ್ಸು ಇಟ್ಟಿರುವ ರೇಣುಕಪ್ಪನವರು ನೋಡಿಕೊಳ್ಳುತ್ತಾರೆ. ಇವರಿಬ್ಬರ ನಡುವೆ ಗಣಪತಿಯನ್ನು ಎಲ್ಲಿ ಕೂರಿಸಬೇಕು, ವಧುವಿನ ಹೆಸರು ಎಷ್ಟು ದಪ್ಪ ಇರಬೇಕು, ಸುಖಾಗಮನ ಬಯಸುವ ನೆಂಟರೆಲ್ಲ ಒಬ್ಬರ ಕಾಲನ್ನು ಒಬ್ಬರು ತುಳಿಯದೆ ಒಂದೇ ಕಾಗದದಲ್ಲಿ ಹೇಗೆ ನಿಲ್ಲಬೇಕು ಎಂಬುದೆಲ್ಲ ನನ್ನ ಇಲಾಖೆ. ಪದ್ಮನಾಭನಗರದ ನಮ್ಮ ಮನೆಯ ಹಾಲಿನ ಮೂಲೆಯಲ್ಲಿ ಒಂದು ಟೇಬಲ್ಲು, ಅದರ ಮೇಲೊಂದು ಕಂಪ್ಯೂಟರ್, ಅದರ ಮುಂದೆ ನಾನು. ದಕ್ಷಿಣ ಬೆಂಗಳೂರಿನ ಎಷ್ಟೋ ದಂಪತಿಗಳು ಮಂಟಪದಲ್ಲಿ ಒಂದಾಗುವ ಮೊದಲು ನನ್ನ ಪರದೆಯ ಮೇಲೆ ಒಂದಾಗಿದ್ದಾರೆ. ಅವರಿಗೆ ಇದು ಗೊತ್ತಿಲ್ಲ, ನಾನೂ ಮೆರೆಯಲು ಹೋಗಿಲ್ಲ.

ಹೀಗಾಗಿ ಪಂಚಾಂಗವೇ ನನ್ನ ಯಜಮಾನ. ಮುಹೂರ್ತವಿದ್ದರೆ ಊಟವಿಲ್ಲ, ಮುಹೂರ್ತವಿಲ್ಲದಿದ್ದರೆ ಕೆಲಸವಿಲ್ಲ. ಶಾಸ್ತ್ರ ಸಂಪ್ರದಾಯಗಳಲ್ಲಿ ನಿನಗೆ ನಂಬಿಕೆ ಇದೆಯೇ ಎಂದು ಯಾರಾದರೂ ಕೇಳಿದರೆ ನಾನು ಉತ್ತರ ಕೊಡದೆ ಜಾರಿಕೊಳ್ಳುತ್ತೇನೆ. ಮುಹೂರ್ತಗಳಿಂದ ಅನ್ನ ತಿನ್ನುವವಳು ರಾಹುಕಾಲವನ್ನು ನೋಡಿ ನಗುವುದು ಉಂಡ ಮನೆಯ ಜಂತಿ ಎಣಿಸಿದ ಹಾಗೆ.

ಇಂಥ ನನ್ನ ಹಳೆಯ ಕಂಪ್ಯೂಟರ್ ಈ ಸಲ ಜ್ಯೇಷ್ಠ ಮಾಸದ ಕೊನೆಯ ಪತ್ರಿಕೆಯನ್ನು ಪ್ರೆಸ್ಸಿಗೆ ಕಳಿಸಿ, ಕರ್ತವ್ಯ ಮುಗಿಯಿತು ಎಂಬಂತೆ ಕಣ್ಣು ಮುಚ್ಚಿತು. ರಿಪೇರಿಯವನು ಬಂದು ಬಿಚ್ಚಿ ನೋಡಿ, ಒಳಗಿನ ಧೂಳಿಗೆ ಒಮ್ಮೆ ಸೀನಿ, "ಮೇಡಂ, ಇದಕ್ಕೆ ಇನ್ನು ಖರ್ಚು ಮಾಡ್ಬೇಡಿ" ಎಂದ. ಅದು ನಿಧಾನವಾಗಿತ್ತು, ನಿಜ. ಗಣಪತಿಯನ್ನು ಎಡದಿಂದ ಬಲಕ್ಕೆ ಸರಿಸಿದರೆ ಅವನು ಮೆರವಣಿಗೆಯಲ್ಲಿ ಬಂದಷ್ಟೇ ಹೊತ್ತು ಮಾಡಿಕೊಂಡು ಬರುತ್ತಿದ್ದ. ಆದರೂ ಮನೆಯ ಹಳೆಯ ಜೀವ ಅದು.

ಸಾವಿನ ಸುದ್ದಿ ರೇಣುಕಪ್ಪನವರಿಗೆ ಹೇಗೋ ತಲುಪಿತು. ಸಂತಾಪಕ್ಕೆಂದು ಫೋನ್ ಮಾಡಿದವರು ಬೇರೆಯೇ ರಾಗ ಎಳೆದರು. ಆಷಾಢದಲ್ಲಿ ಮದುವೆಯಷ್ಟೇ ಅಲ್ಲ, ಮದುವೆಯ ಕಾಗದ ಅಚ್ಚಿಗೆ ಕೊಡುವುದಕ್ಕೂ ನಮ್ಮ ಜನ ಹಿಂಜರಿಯುತ್ತಾರೆ. ಹಿಡಿದಿಟ್ಟುಕೊಂಡ ಕಾಗದಗಳನ್ನೆಲ್ಲ ಭೀಮನ ಅಮಾವಾಸ್ಯೆ ಕಳೆದ ಮರುದಿನ ಒಟ್ಟಿಗೆ ತಂದು ಸುರಿಯುತ್ತಾರೆ. ಶ್ರಾವಣದ ಆ ಮೊದಲ ದಿನವೇ ಪ್ರೆಸ್ಸಿನವರಿಗೆ ವರ್ಷದ ಹಬ್ಬ. "ಮೇಡಂ, ತಪ್ಪು ತಿಳ್ಕೋಬೇಡಿ. ಅವತ್ತು ನೀವು ರೆಡಿ ಇಲ್ಲ ಅಂದ್ರೆ ಈ ಸೀಸನ್ ಜೆಪಿ ನಗರದ ಸ್ಟುಡಿಯೋದವರಿಗೆ ಕೊಡ್ಬೇಕಾಗುತ್ತೆ. ಕಸ್ಟಮರ್ ಕಾಯಲ್ಲ" ಎಂದರು. ಒಂದು ಸೀಸನ್ ಬೇರೆಯವರ ಕೈಗೆ ಹೋದರೆ ಮುಂದಿನದು ತಾನಾಗಿಯೇ ಹೋಗುತ್ತದೆ ಎಂಬುದು ಅವರಿಗೂ ಗೊತ್ತು, ನನಗೂ ಗೊತ್ತು. ಅವರು ಅದನ್ನು ಬಾಯಿಬಿಟ್ಟು ಹೇಳಲಿಲ್ಲ ಎಂಬುದಷ್ಟೇ ಅವರ ಸೌಜನ್ಯ.

ನನ್ನ ಕೈಯಲ್ಲಿದ್ದದ್ದು ನಲವತ್ತು ಸಾವಿರ. ನಮ್ಮ ಮನೆಯವರು ಪೇಪರಿನಿಂದ ತಲೆ ಎತ್ತದೆ, "ಇಎಂಐಲಿ ಒಂದು ಒಳ್ಳೇ ರೆಡಿಮೇಡ್ ತಗೊಂಡ್ಬಿಡೇ, ತಲೆನೋವ್ ಇರಲ್ಲ" ಎಂದರು. ಕಂತು ತಿಂಗಳು ತಿಂಗಳು ಬರುತ್ತದೆ, ಮುಹೂರ್ತಗಳು ಹಾಗೆ ಬರುತ್ತವೆಯೇ? ಅಲ್ಲದೆ ರೆಡಿಮೇಡಿನ ಬೆಲೆ ನೋಡಿದರೆ ಅದರ ಅರ್ಧ ಹೊಳೆಯುವ ಡಬ್ಬಕ್ಕೆ, ಇನ್ನರ್ಧ ಅದರ ಮೇಲಿನ ಹೆಸರಿಗೆ. ಒಳಗಿನ ಸಾಮಾನನ್ನು ಒಂದೊಂದಾಗಿ ನಾನೇ ಆರಿಸಿ, ನಾನೇ ಜೋಡಿಸುತ್ತೇನೆ ಎಂದು ಘೋಷಿಸಿಬಿಟ್ಟೆ. ಘೋಷಿಸುವಾಗ ಮದರ್‌ಬೋರ್ಡ್ ಎಂದರೆ ಹಸಿರು ಬಣ್ಣದ್ದು ಎನ್ನುವುದಕ್ಕಿಂತ ಹೆಚ್ಚೇನೂ ನನಗೆ ತಿಳಿದಿರಲಿಲ್ಲ. ಈಗ ಅವು ಕಪ್ಪು ಬಣ್ಣದಲ್ಲಿ ಬರುತ್ತವೆ ಎಂದು ಆಮೇಲೆ ಗೊತ್ತಾಯಿತು.

ಮೊಬೈಲಿನಲ್ಲಿ ವಿಡಿಯೋಗಳನ್ನು ನೋಡತೊಡಗಿದೆ. ಈ ಲೋಕಕ್ಕೆ ನೀವು ಇಳಿದಿಲ್ಲವಾದರೆ ಇಳಿಯಬೇಡಿ. ಗಡ್ಡ ಬಿಟ್ಟ ಹುಡುಗರು ಒಂದು ಸಣ್ಣ ಫ್ಯಾನನ್ನು ಕೈಯಲ್ಲಿ ಹಿಡಿದು, ನಮ್ಮೂರಿನ ಹಿರಿಯರು ಎತ್ತಿನ ಹಲ್ಲು ಹಿಡಿದು ನೋಡುವಷ್ಟು ಗಂಭೀರವಾಗಿ ಮಾತಾಡುತ್ತಾರೆ. ಒಬ್ಬ ಹೊಗಳಿದ್ದನ್ನು ಇನ್ನೊಬ್ಬ ಕಸ ಎನ್ನುತ್ತಾನೆ. ಎಲ್ಲರೂ ಕೊನೆಗೆ ಕೇಳುವ ಪ್ರಶ್ನೆ ಮಾತ್ರ ಒಂದೇ: ನಿಮ್ಮ ಬಜೆಟ್ ಎಷ್ಟು, ಅದರಲ್ಲಿ ನೀವು ಮಾಡುವ ಕೆಲಸ ಏನು?

ಆ ಪ್ರಶ್ನೆ ಕೇಳಿದ ಮೇಲೆ ನನಗೆ ಧೈರ್ಯ ಬಂತು, ಯಾಕೆಂದರೆ ಅದು ನಾನು ನನ್ನ ಗಿರಾಕಿಗಳಿಗೆ ಕೇಳುವ ಪ್ರಶ್ನೆಯೇ. ದುಡ್ಡಿರುವವರು ಬಂದು "ಗ್ರ್ಯಾಂಡ್ ಆಗಿ ಮಾಡ್ಬಿಡಿ" ಎನ್ನುತ್ತಾರೆ. ಗ್ರ್ಯಾಂಡ್ ಎಂದರೇನು ಎಂದು ಅವರಿಗೂ ಗೊತ್ತಿರುವುದಿಲ್ಲ. ಮೂರು ಸಲ ಮಾಡಿಸಿ ಮೊದಲನೆಯದನ್ನೇ ಒಪ್ಪುತ್ತಾರೆ. ಕೈ ಬಿಗಿ ಇರುವವರು ಹಾಗಲ್ಲ. ಅವರಿಗೆ ಬೇಕಾದ್ದು ಖಚಿತವಾಗಿರುತ್ತದೆ. ಅಜ್ಜಿಯ ಹೆಸರು ಮೇಲೆ ಬರಬೇಕು, ಗಣಪತಿ ಒಬ್ಬ ಸಾಕು, ಕಾಗದ ದಪ್ಪ ಬೇಡ, ಅಕ್ಷರ ದೊಡ್ಡದಿರಲಿ, ಓದುವವರು ವಯಸ್ಸಾದವರು. ನಾನು ಮಾಡಿರುವ ಚೆಂದದ ಪತ್ರಿಕೆಗಳೆಲ್ಲ ಇಂಥವರದ್ದೇ.

ಹಾಗಾಗಿ ನನ್ನನ್ನೇ ಗಿರಾಕಿಯಂತೆ ಎದುರಿಗೆ ಕೂರಿಸಿಕೊಂಡು ವಿಚಾರಿಸಿದೆ. ಏನಮ್ಮಾ, ನಿನ್ನ ಕೆಲಸವೇನು? ಹತ್ತು ಹನ್ನೆರಡು ಪತ್ರಿಕೆಗಳನ್ನು ಒಟ್ಟಿಗೆ ತೆರೆದಿಟ್ಟುಕೊಳ್ಳುತ್ತೇನೆ, ಒಂದೊಂದರಲ್ಲೂ ತರಾವರಿ ಫಾಂಟುಗಳು, ನವಿಲು, ಕಳಶ, ಬಾಳೆಕಂದು. ಹಾಗಾದರೆ ನಿನಗೆ ಎಲ್ಲವನ್ನೂ ಹರಡಿಕೊಳ್ಳುವ ಜಗಲಿ ದೊಡ್ಡದಿರಬೇಕು, ಅಂದರೆ ರ್‍ಯಾಮ್ ಧಾರಾಳವಾಗಿರಬೇಕು. ಆಟ ಆಡುತ್ತೀಯಾ? ಇಲ್ಲ. ಸಿನಿಮಾ ಎಡಿಟ್ ಮಾಡುತ್ತೀಯಾ? ಇಲ್ಲ. ಹಾಗಾದರೆ ಚಿತ್ರ ತೋರಿಸುವ ಕೆಲಸವನ್ನೂ ತಾನೇ ಮಾಡಿಕೊಳ್ಳುವಂಥ ಪ್ರೊಸೆಸರ್ ತೆಗೆದುಕೋ, ಬೇರೆ ಗ್ರಾಫಿಕ್ಸ್ ಕಾರ್ಡಿನ ದುಡ್ಡು ಉಳಿಯಿತು. ಕರೆಂಟಿಗೆ ನಮ್ಮ ಏರಿಯಾದಲ್ಲಿ ಒಂದು ನೀತಿ ನಿಯಮ ಇಲ್ಲ, ಆದ್ದರಿಂದ ಒಳಗೆ ಕರೆಂಟು ಹಂಚುವ ಎಸ್‌ಎಂಪಿಎಸ್‌ನಲ್ಲಿ ಜುಗ್ಗತನ ಬೇಡ. ಕೀಬೋರ್ಡ್ ಹಳೆಯದೇ ಇರಲಿ. ಅದರ ಮೇಲಿನ ಅಕ್ಷರಗಳು ಅಳಿಸಿಹೋಗಿವೆ, ನನ್ನ ಬೆರಳಿನಲ್ಲಿ ಉಳಿದಿವೆ.

ಜಯನಗರದ ನಾಲ್ಕನೇ ಬ್ಲಾಕಿನ ಹತ್ತಿರದ ಒಂದು ಅಂಗಡಿಗೆ ವಿಚಾರಿಸಲು ಹೋದೆ. ಹೊರಗೆ ದೊಡ್ಡ ಅಕ್ಷರದಲ್ಲಿ ಆಷಾಢದ ಭಾರಿ ರಿಯಾಯಿತಿ ಎಂಬ ಬ್ಯಾನರು. ಒಳಗಿದ್ದ ಯುವಕ ಮೊದಲು ತೋರಿಸಿದ್ದು ಗಾಜಿನ ಬಾಗಿಲಿನ ಒಂದು ಕ್ಯಾಬಿನೆಟ್. ಒಳಗೆ ಕೆಂಪು, ನೀಲಿ, ಹಸಿರು ದೀಪಗಳು ಓಡಾಡುತ್ತಿದ್ದವು. ಗಣೇಶನ ಪೆಂಡಾಲೊಂದನ್ನು ಡಬ್ಬಕ್ಕೆ ತುಂಬಿದಂತಿತ್ತು. "ಸಖತ್ತಾಗಿದೆ ಅಲ್ವಾ ಮೇಡಂ?" ಎಂದ. ಚೆನ್ನಾಗಿಯೇ ಇತ್ತು. ಒಂದು ನಿಮಿಷ ಮನಸ್ಸು ಜಾರಿತು ಎಂದು ಒಪ್ಪಿಕೊಳ್ಳುತ್ತೇನೆ. ಆದರೆ ಆ ದೀಪಗಳ ಬೆಲೆಯಲ್ಲಿ ಅರ್ಧ ಜಗಲಿ ಬರುತ್ತಿತ್ತು.

"ದೀಪ ಬೇಡಪ್ಪ, ಗಾಳಿ ಆಡೋ ಹಾಗಿದ್ರೆ ಸಾಕು" ಎಂದೆ.

"ಗ್ರಾಫಿಕ್ಸ್ ಕಾರ್ಡು?"

"ಬೇಡ."

"ಕಾರ್ಡ್ ಇಲ್ದೆ ಡಿಸೈನಿಂಗ್ ಹೆಂಗೆ ಮೇಡಂ ಮಾಡ್ತೀರಾ?"

"ನನ್ನ ಡಿಸೈನಲ್ಲಿ ಗಣಪತಿ ಕೂತಿರ್ತಾನೆ, ಗಂಡು ಹೆಣ್ಣು ನಿಂತಿರ್ತಾರೆ. ಓಡೋರು ಯಾರೂ ಇಲ್ಲ" ಎಂದೆ. ಅವನು ನಕ್ಕ. ಆಮೇಲೆ ನನ್ನ ಜೊತೆ ವ್ಯಾಪಾರದ ಮಾತು ಬಿಟ್ಟು ಕೆಲಸದ ಮಾತು ಆಡಿದ. ರಿಯಾಯಿತಿಯ ಬೆಲೆಯಲ್ಲಿ ಲೆಕ್ಕ ಹಾಕಿದರೆ ನಾನು ಒಂದು ಎಂದುಕೊಂಡಿದ್ದ ರ್‍ಯಾಮ್ ಪಟ್ಟಿ ಎರಡು ಬರುತ್ತಿದ್ದವು. ಶ್ರಾವಣಕ್ಕೆ ಕಾದರೆ ಒಂದೇ. ಎಲ್ಲವನ್ನೂ ನಾಳೆಯೇ ಒಯ್ಯುತ್ತೇನೆ ಎಂದು ಹೇಳಿ ಮನೆಗೆ ಬರುವಷ್ಟರಲ್ಲಿ, ನಾನು ಮರೆತ ಒಂದು ವಿಷಯ ಬಾಗಿಲಲ್ಲಿ ಸೊಪ್ಪು ಬಿಡಿಸುತ್ತ ಕೂತಿತ್ತು.

ನಮ್ಮತ್ತೆ ತಿಪಟೂರಿನ ಕಡೆಯವರು. ದಿನವೂ ಹಣೆಯ ತುಂಬ ವಿಭೂತಿ, ಮಾತು ನೆಟ್ಟಗೆ. ಆಷಾಢದಲ್ಲಿ ಅವರು ಹೊಸ ಪೊರಕೆಯನ್ನೂ ಮನೆಗೆ ತರಿಸುವುದಿಲ್ಲ. ಹಳೆಯದರ ಕಡ್ಡಿ ಉದುರಿದರೆ ದಾರ ಸುತ್ತಿ ತಿಂಗಳು ನೂಕುತ್ತಾರೆ. ಅಂಥವರ ಎದುರು ನಾನು ಕಂಪ್ಯೂಟರಿನ ಮಾತೆತ್ತಬೇಕಿತ್ತು. ಪಕ್ಕದಲ್ಲಿ ಕೂತು ನಾನೂ ನಾಲ್ಕು ಕಡ್ಡಿ ಸೊಪ್ಪು ಹಿಡಿದುಕೊಂಡೆ.

"ಅತ್ತೆ, ನಾನು ಕಂಪ್ಯೂಟರ್ ತಗೊಳ್ತಾ ಇಲ್ಲ. ಬರೀ ಬಿಡಿ ಸಾಮಾನು ತಗೊಳ್ತೀನಿ. ಜೋಡಿಸೋದು ಶ್ರಾವಣಕ್ಕೇನೇ."

"ಸಾಮಾನು ಹೊಸದು ತಾನೇ?"

"ಮನೆ ಕಟ್ಟೋವಾಗ ಆಷಾಢದಲ್ಲಿ ಇಟ್ಟಿಗೆ ಲಾರಿ ಬಂದ್ರೆ ವಾಪಸ್ ಕಳಿಸ್ತಾರಾ? ಗೃಹಪ್ರವೇಶ ಮಾತ್ರ ಶ್ರಾವಣದಲ್ಲಿ ಇಟ್ಕೋತಾರೆ, ಅಷ್ಟೇ ಅಲ್ವಾ?"

ಅತ್ತೆ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದರು. ನಾನು ಎಸೆದ ಇಟ್ಟಿಗೆ ಸರಿಯಾದ ಜಾಗಕ್ಕೆ ಬಿದ್ದಿತ್ತು. ನೋಡಿ, ಇದು ಬಹಳ ಹಳೆಯ ತರ್ಕ. ಚಕ್ರ ಬೇರೆ, ನೊಗ ಬೇರೆ, ಅಚ್ಚು ಬೇರೆ ಇಟ್ಟರೆ ಬಂಡಿ ಎಲ್ಲಿದೆ ಎಂದು ನಮ್ಮ ಕಡೆಯ ದಾರ್ಶನಿಕರು ತಲೆ ಕೆಡಿಸಿಕೊಂಡಿದ್ದಾರೆ. ಹಿಟ್ಟು, ಬೆಲ್ಲ, ಬೇಳೆ ಡಬ್ಬಗಳಲ್ಲಿ ಇರುವ ತನಕ ಹೋಳಿಗೆ ತಿಂದ ದೋಷ ಯಾರಿಗೂ ತಟ್ಟುವುದಿಲ್ಲ. ಆದರೆ ದಾರ್ಶನಿಕರಿಗೆ ನಮ್ಮತ್ತೆಯಂಥ ಅತ್ತೆ ಇರಲಿಲ್ಲವಾದ್ದರಿಂದ ಅವರ ತರ್ಕ ಅಲ್ಲಿಗೇ ನಿಂತಿತು.

"ಅದರಲ್ಲಿ ಮುಖ್ಯವಾದ್ದು ಯಾವ್ದು?" ಎಂದು ಅತ್ತೆ ಕೇಳಿದರು.

ಪ್ರೊಸೆಸರ್ ಎಂಬುದಿದೆ, ಬಿಸ್ಕತ್ತಿನಷ್ಟೇ ಇದೆ, ಬುದ್ಧಿಯೆಲ್ಲ ಅದರದ್ದೇ, ಬೆಲೆಯೂ ಅದಕ್ಕೇ ಜಾಸ್ತಿ ಎಂದು ವಿವರಿಸಿದೆ. ಅದು ಹೋಗಿ ಮದರ್‌ಬೋರ್ಡಿನ ಮೇಲಿರುವ ತನ್ನ ಜಾಗದಲ್ಲಿ ಕೂರುತ್ತದೆ, ಕೂತರೆ ಮುಗಿಯಿತು, ಮಿಕ್ಕಿದ್ದೆಲ್ಲ ಸುತ್ತ ಸೇರಿಕೊಳ್ಳುತ್ತದೆ ಎಂದೆ.

"ಅಂದ್ರೆ ಇದು ಅದರ ಮನೆಗೆ ಹೋಗಿ ಸೇರ್ಕೊಳೋದು."

"ಹೂಂ, ಹಾಗೇ ಅನ್ನಿ."

"ಸರಿ. ಹಾಗಾದ್ರೆ ತಗೋ. ಆದ್ರೆ ಆ ಎರಡನ್ನೂ ಆಷಾಢದಲ್ಲಿ ಒಂದೇ ಮನೇಲಿ ಇಡೋ ಹಾಗಿಲ್ಲ. ಆ ಚಿಕ್ಕದನ್ನ ನಿನ್ನ ತವರಿಗೆ ಕಳಿಸ್ಬಿಡು."

ತಮಾಷೆಗೆ ಅಂದರೇನೋ ಎಂದು ಅವರ ಮುಖ ನೋಡಿದೆ. ಅವರು ನಗುತ್ತಿರಲಿಲ್ಲ. "ಹೊಸ ಜೋಡೀನ ಈ ತಿಂಗಳು ಯಾಕೆ ಬೇರೆ ಇಡ್ತಾರೆ ಅಂದ್ಕೊಂಡಿದ್ದೀಯಾ? ಒಂದೇ ಸೂರಿನಡಿ ಇಟ್ಟು, ಸುಮ್ನಿರಿ ಅಂದ್ರೆ ಇರ್ತಾರಾ? ನಿನ್ನ ಕೈ ನನಗೆ ಗೊತ್ತಿಲ್ವಾ ಗಿರಿಜಾ. ನಾನು ದೇವಸ್ಥಾನಕ್ಕೆ ಹೋದಾಗ ಒಂದ್ಸಲ ಕೂರಿಸಿ ನೋಡೋಣ ಅಂತೀಯ." ಹೀಗೆ ಹೇಳಿ ಮತ್ತೆ ಸೊಪ್ಪಿಗೆ ಕೈ ಹಾಕಿದರು. ಅವರ ಶಾಸ್ತ್ರದ ಮೇಲೆ ನೀವು ಏನಾದರೂ ಹೇಳಿ, ಮನುಷ್ಯರ ಸ್ವಭಾವದ ಮೇಲೆ ಅವರಿಗಿರುವ ಹಿಡಿತದ ಬಗ್ಗೆ ಚಕಾರ ಎತ್ತುವ ಹಾಗಿಲ್ಲ.

ಇದರಲ್ಲಿ ಒಂದು ದೊಡ್ಡ ಅಪಾಯವಿತ್ತು, ಅದನ್ನೂ ಅವರಿಗೆ ಹೇಳಿದೆ. ಸಾಮಾನಿನಲ್ಲಿ ಏನಾದರೂ ಕೆಟ್ಟದ್ದು ಬಂದಿದ್ದರೆ ಅಂಗಡಿಯವನು ಒಂದು ವಾರದೊಳಗೆ ಮಾತ್ರ ಬದಲಾಯಿಸಿ ಕೊಡುತ್ತಾನೆ. ಆಮೇಲೆ ಕಂಪನಿಯ ಸರ್ವಿಸ್ ಸೆಂಟರಿಗೆ ಅಲೆಯಬೇಕು, ಅವರು ಕೊಟ್ಟಾಗ ತಂದುಕೊಳ್ಳಬೇಕು. ಜೋಡಿಸದೆ ಕೆಟ್ಟಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಶ್ರಾವಣದ ಮೊದಲ ದಿನ ಅದು ಏಳದಿದ್ದರೆ ಸೀಸನ್ ಜೆಪಿ ನಗರಕ್ಕೆ. "ನೋಡಿ ತಂದ್ರೆ ಯಾಕೆ ಕೆಡುತ್ತೆ?" ಎಂದರು ಅತ್ತೆ. ನಾನು ಇಡೀ ರಾತ್ರಿ ತೂಗಿ ನೋಡಿದೆ. ಶ್ರಾವಣಕ್ಕೆ ಕಾದರೆ ಜಗಲಿ ಅರ್ಧವಾಗುತ್ತದೆ, ಕಾಯದಿದ್ದರೆ ಪರೀಕ್ಷೆ ಇಲ್ಲ. ಕೊನೆಗೆ ಜಗಲಿಯೇ ಗೆದ್ದಿತು. ಮರುದಿನ ಹೋಗಿ ಎಲ್ಲವನ್ನೂ ತಂದೆ.

ಮಾನಿಟರ್ ಮಾತ್ರ ಸೆಕೆಂಡ್ ಹ್ಯಾಂಡ್. ಇನ್ನೊಬ್ಬರು ಬಳಸಿದ್ದು ಹೊಸದಲ್ಲ, ಅದಕ್ಕೆ ದೋಷವಿಲ್ಲ ಎಂದು ಅತ್ತೆಯೇ ತೀರ್ಪು ಕೊಟ್ಟರು. ಬಿಟಿಎಂ ಲೇಔಟಿನ ಪಿಜಿಯೊಂದನ್ನು ಖಾಲಿ ಮಾಡುತ್ತಿದ್ದ ಒಬ್ಬ ಹುಡುಗಿಯ ಹತ್ತಿರ ಅದು ಸಿಕ್ಕಿತು. ನಾನು ಮಾಡಿದ ಹಳೆಯ ಲಗ್ನಪತ್ರಿಕೆಯೊಂದನ್ನು ಜೊತೆಗೆ ಒಯ್ದು, ಅದೇ ಪತ್ರಿಕೆಯನ್ನು ಪರದೆಯ ಮೇಲೆ ತೆರೆಸಿ, ಎರಡನ್ನೂ ಅಕ್ಕಪಕ್ಕ ಇಟ್ಟು ಕೆಂಪನ್ನು ಹೋಲಿಸಿದೆ. ಕುಂಕುಮದ ಕೆಂಪಿಗೂ ಇಟ್ಟಿಗೆಯ ಕೆಂಪಿಗೂ ಇರುವ ವ್ಯತ್ಯಾಸದಲ್ಲಿ ಗಿರಾಕಿಗಳು ಕೈಬಿಟ್ಟುಹೋಗುತ್ತಾರೆ. "ಆಂಟಿ, ಮಾನಿಟರ್ ತಗೊಳೋಕೆ ಯಾರೂ ಹೀಗೆ ವೆಡ್ಡಿಂಗ್ ಕಾರ್ಡ್ ತಂದಿರಲಿಲ್ಲ" ಎಂದಳು. ಕುಂಕುಮ ಕುಂಕುಮವಾಗಿಯೇ ಇತ್ತು, ಕೊಂಡೆ.

ಪ್ರೊಸೆಸರ್ ಗೊಟ್ಟಿಗೆರೆಗೆ ಹೋಯಿತು. ಅಲ್ಲಿ ನನ್ನ ತಮ್ಮ ಮಂಜು ಇದ್ದಾನೆ. ನಮ್ಮಪ್ಪನ ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಬಾಡಿಗೆ ಮನೆಗಳನ್ನು ಬೆಳೆಯುತ್ತಾನೆ. ಅವನ ಹೆಂಡತಿ ಸವಿತಾ ವಿಷಯ ಕೇಳಿ ಫೋನಿನಲ್ಲೇ ಬಿದ್ದು ಬಿದ್ದು ನಕ್ಕಳು. ಆದರೆ ಡಬ್ಬ ಕೈಗೆ ಬಂದ ಮೇಲೆ ಅವಳಿಗೂ ಜವಾಬ್ದಾರಿ ಬಂತು. ಬೀರುವಿನಲ್ಲಿ ಬೀಗ ಹಾಕಿ ಇಟ್ಟಳು. ನಾನು ಆಗಾಗ ಫೋನ್ ಮಾಡಿ "ಹೇಗಿದ್ದಾಳೆ?" ಎನ್ನುವುದು, ಅವಳು "ಚೆನ್ನಾಗಿದ್ದಾಳಕ್ಕಾ, ನಿಮ್ಮನೇಲಿ ಅವ್ರು ಹೇಗಿದ್ದಾರೆ?" ಎನ್ನುವುದು. ನಮ್ಮನೆಯಲ್ಲಿ ಅವರು, ಅಂದರೆ ಮದರ್‌ಬೋರ್ಡ್, ಅಟ್ಟದ ಮೇಲೆ ಒಂಟಿಯಾಗಿದ್ದರು. ಆ ತಿಂಗಳು ನಾನು ಆಷಾಢವನ್ನು ಇಷ್ಟಪಡಲಿಲ್ಲ. ಜಾತಕ ಕೂಡಿಬಂದರೂ ಮದುವೆಯ ದಿನದ ತನಕ ಹೆಣ್ಣಿನ ತಾಯಿಗೆ ನಿದ್ದೆ ಬರುವುದಿಲ್ಲ ಎಂದು ಗಿರಾಕಿಗಳ ಬಾಯಲ್ಲಿ ಕೇಳಿದ್ದೆ, ಈಗ ಅನುಭವಕ್ಕೆ ಬಂತು.

ಅಮಾವಾಸ್ಯೆ ಕಳೆಯಿತು. ಬೆಳಗಾಗುತ್ತಿದ್ದಂತೆ ಮಂಜು ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ಕಿಗೆ ಸಿಕ್ಕದೆ ಬರಬೇಕೆಂದು ಮುಖವನ್ನೂ ಸರಿಯಾಗಿ ತೊಳೆಯದೆ ಸ್ಕೂಟರಿನಲ್ಲಿ ಬಂದಿಳಿದ. ಕೈಯಲ್ಲೊಂದು ಬಟ್ಟೆಯ ಚೀಲ. "ತಗೋ ಅಕ್ಕಾ, ನಿನ್ನ ಮಗಳು. ಸವಿತಾ ಹಾಗೇ ಕಳಿಸೋಕೆ ಮನಸ್ಸಾಗ್ಲಿಲ್ಲ ಅಂದ್ಲು" ಎಂದ. ಚೀಲದೊಳಗೆ ಅಕ್ಕಿ, ಬೆಲ್ಲ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಒಂದು ಹಸಿರು ರವಿಕೆ ಬಟ್ಟೆ, ನಡುವೆ ಅರಿಶಿನ ಕುಂಕುಮ ಹಚ್ಚಿಸಿಕೊಂಡ ಪ್ರೊಸೆಸರಿನ ಡಬ್ಬ. ಮಡಿಲು ತುಂಬಿ ಕಳಿಸಿದ್ದಳು! ಅತ್ತೆಗೆ ಆದ ಸಂತೋಷವನ್ನು ಏನು ಹೇಳಲಿ. "ನಿಮ್ಮ ತವರಿನವರಿಗೆ ರೀತಿ ನೀತಿ ಗೊತ್ತು" ಎಂದರು. ನನ್ನ ಮದುವೆಯಾದಾಗಿನಿಂದ ಈ ಮಾತು ಕೇಳಬೇಕೆಂದು ನಮ್ಮಮ್ಮ ಕಾದಿದ್ದಳು, ಕೊನೆಗೆ ಅದು ಒಂದು ಪ್ರೊಸೆಸರಿನ ದೆಸೆಯಿಂದ ಬಂತು.

ಅತ್ತೆ ಕ್ಯಾಬಿನೆಟ್ಟಿಗೆ ವಿಭೂತಿ ಹಚ್ಚಿದರು. ಕುಂಕುಮದ ಬಟ್ಟಲು ಮದರ್‌ಬೋರ್ಡಿನ ಕಡೆಗೆ ಹೊರಟಾಗ ನಾನು ಅಡ್ಡ ನಿಂತು, "ಡಬ್ಬಕ್ಕೆ ಹಚ್ಚಿ ಅತ್ತೆ, ಒಳಗೆ ಪುಡಿ ಬಿದ್ರೆ ಕೆಟ್ಟುಹೋಗುತ್ತೆ" ಎಂದೆ. ಒಪ್ಪಿಕೊಂಡರು. ಊಟದ ಟೇಬಲ್ಲಿನ ಮೇಲೆ ಎಲ್ಲವನ್ನೂ ಹರಡಿ ಕೂತೆ. ಪ್ರೊಸೆಸರಿನ ಮೂಲೆಯಲ್ಲಿ ಒಂದು ಸಣ್ಣ ತ್ರಿಕೋನ, ಬೋರ್ಡಿನ ಮೇಲೆ ಅದಕ್ಕೆ ಸರಿಯಾಗಿ ಇನ್ನೊಂದು. ಎರಡನ್ನೂ ಹೊಂದಿಸಿ ಕೈಬಿಟ್ಟೆ. ಒತ್ತದೆ, ತಳ್ಳದೆ, ತಾನೇ ಇಳಿದು ತನ್ನ ಜಾಗದಲ್ಲಿ ಕೂತಿತು. ಫ್ಯಾನ್, ರ್‍ಯಾಮ್, ಫೈಲುಗಳನ್ನು ಇಟ್ಟುಕೊಳ್ಳುವ ಎಸ್‌ಎಸ್‌ಡಿ, ವೈರುಗಳು ಎಲ್ಲವನ್ನೂ ವಿಡಿಯೋದ ಹುಡುಗರು ಹೇಳಿದಂತೆ ಹಸುಗೂಸಿಗೆ ಅಂಗಿ ತೊಡಿಸುವಷ್ಟು ಮೆತ್ತಗೆ ಜೋಡಿಸಿದೆ. ರಾಹುಕಾಲ ಇಲ್ಲವೆಂದು ಅತ್ತೆ ಖಾತ್ರಿ ಮಾಡಿದ ಮೇಲೆ ಸ್ವಿಚ್ ಒತ್ತಿದೆ.

ಫ್ಯಾನ್ ತಿರುಗಿತು. ದೀಪ ಹತ್ತಿತು. ಪರದೆಯ ಮೇಲೆ ಏನೂ ಬರಲಿಲ್ಲ.

ಆರಿಸಿ ಮತ್ತೆ ಹಾಕಿದೆ. ಇಲ್ಲ. ಮಾನಿಟರಿನ ವೈರು ಬಿಚ್ಚಿ ಮತ್ತೆ ಸಿಕ್ಕಿಸಿದೆ. ಇಲ್ಲ. ಪರದೆ ಅಮಾವಾಸ್ಯೆಯನ್ನು ಒಂದು ದಿನ ಮುಂದುವರಿಸಿತ್ತು. ಸರಿಯಾಗಿ ಅದೇ ಹೊತ್ತಿಗೆ ರೇಣುಕಪ್ಪನವರ ಫೋನ್. "ಮೇಡಂ, ಜನ ಬಂದು ಕೂತಿದ್ದಾರೆ, ರೆಡಿನಾ?" ನನ್ನ ಬಾಯಿಂದ "ರೆಡಿ ಸಾರ್, ಹತ್ತೇ ನಿಮಿಷ" ಎಂಬ ಮಾತು ಬಂತು. ಫೋನ್ ಇಟ್ಟವಳಿಗೆ ಅಳು ಬಂತು. ಅಂಗಡಿಯವನ ವಾರ ಎಂದೋ ಕಳೆದಿದೆ, ಕೈಯಲ್ಲಿದ್ದ ದುಡ್ಡೆಲ್ಲ ಮೇಜಿನ ಮೇಲೆ ಫ್ಯಾನ್ ತಿರುಗಿಸುತ್ತ ಕೂತಿದೆ. ಇಷ್ಟು ವರ್ಷ ನಾನು ಕಟ್ಟಿಕೊಂಡ ಕೆಲಸ ಕಣ್ಣೆದುರಿಗೇ ಜೆಪಿ ನಗರದ ಬಸ್ಸು ಹತ್ತುತ್ತಿದೆ ಎನಿಸಿತು.

ಅತ್ತೆಯ ಮುಖವೂ ಸಪ್ಪಗಾಗಿತ್ತು. ಬೇರೆ ಇಡು ಎಂದವರು ಅವರೇ ತಾನೇ. ಆದರೆ ಅವರು ದೇವರ ಮನೆಗೂ ಹೋಗಲಿಲ್ಲ, ಹಣೆಬರಹ ಎಂದೂ ಹೇಳಲಿಲ್ಲ. ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತು, "ಆರಿಸು. ವೈರ್ ಕಿತ್ತು ಹಾಕು. ಒಂದೊಂದೇ ಬಿಚ್ಚಿ ಮತ್ತೆ ಹಾಕು, ನಾನು ನೋಡ್ತೀನಿ" ಎಂದರು. ನಾನು ಒಂದೊಂದೇ ಬಿಚ್ಚಿ ಹಾಕತೊಡಗಿದೆ. ರ್‍ಯಾಮ್ ಪಟ್ಟಿಯ ಸರದಿ ಬಂದಾಗ ಅವರು ಕನ್ನಡಕ ಮೇಲೇರಿಸಿಕೊಂಡು ಬಗ್ಗಿದರು.

"ಇದ್ಯಾಕೆ ಹಿಂಗೆ ಒಂದು ಕಡೆ ಎದ್ದಿದೆ?"

"ಜೋರಾಗಿ ಒತ್ತಿದ್ರೆ ಮುರಿದುಹೋಗುತ್ತೆ ಅತ್ತೆ. ಬಹಳ ನಾಜೂಕು."

"ನಾಜೂಕಂತೆ! ಸ್ಟೀಲ್ ಡಬ್ಬದ ಮುಚ್ಚಳ ಮೆತ್ತಗೆ ಇಟ್ರೆ ಇರುವೆ ಬರಲ್ವಾ? ಸರಿ, ಸರಿ" ಎಂದವರೇ ಎರಡೂ ಹೆಬ್ಬೆರಳನ್ನು ಪಟ್ಟಿಯ ಎರಡು ತುದಿಗಿಟ್ಟು, ನಾನು "ಅಯ್ಯೋ" ಎನ್ನುವಷ್ಟರಲ್ಲಿ ಒತ್ತಿಬಿಟ್ಟರು. ಟಕ್ ಎಂದಿತು. ನನ್ನ ಎದೆಯೇ ಒಡೆಯಿತೇನೋ ಎಂದುಕೊಂಡೆ. ನೋಡಿದರೆ ಆ ಪಟ್ಟಿಯ ಕೊನೆಯಲ್ಲಿದ್ದ ಕೊಂಡಿ ತಾನೇ ಮುಚ್ಚಿಕೊಂಡಿತ್ತು. ವಿಡಿಯೋದ ಹುಡುಗರು ಹೇಳಿದ್ದ 'ಕ್ಲಿಕ್' ಎಂಬ ಸದ್ದು ಇದೇ! ಅದು ಬರುವ ತನಕ ಒತ್ತಬೇಕು ಎಂದಿದ್ದನ್ನು ಹೆದರಿಕೆಯಲ್ಲಿ ನಾನು ಮರೆತೇಬಿಟ್ಟಿದ್ದೆ. ಎರಡನೆಯ ಪಟ್ಟಿಯನ್ನು ನಾನು ಒತ್ತಿದೆ. ಟಕ್.

ಸ್ವಿಚ್ ಹಾಕಿದೆ. ಪರದೆ ಬೆಳಗಿತು.

ನಾನು ಕಿರುಚಿದೆ. ಅತ್ತೆ ಕಿರುಚಲಿಲ್ಲ, ಆದರೆ "ಶಿವ ಶಿವಾ" ಎಂದದ್ದು ಎದುರು ಮನೆಗೆ ಕೇಳಿಸಿರಬೇಕು. ಸೋಫಾದಲ್ಲಿ ತೂಕಡಿಸುತ್ತಿದ್ದ ಮಂಜು ಎದ್ದು ಕೂತು "ಬಂತಾ? ಬಂತಾ?" ಎಂದ. ಬಂದಿತ್ತು. ನಾನು ಆರಿಸಿದ್ದು, ನಾನು ಜೋಡಿಸಿದ್ದು, ಯಾವ ಕಂಪನಿಯ ಹೆಸರೂ ಇಲ್ಲದ್ದು, ನನ್ನ ದುಡ್ಡಿನೊಳಗೇ ಆದದ್ದು. ಮದುವೆ ಮನೆಯಲ್ಲಿ ತಾಳಿ ಕಟ್ಟಿದ ತಕ್ಷಣ ವಾಲಗದವರು ಯಾಕೆ ಅಷ್ಟು ಜೋರಾಗಿ ಊದುತ್ತಾರೆ ಎಂದು ಆವತ್ತು ಅರ್ಥವಾಯಿತು. ಅಷ್ಟು ಜೋರಾಗಿ ಊದದಿದ್ದರೆ ಅಷ್ಟು ಸಂತೋಷವನ್ನು ಇಡುವುದೆಲ್ಲಿ?

ಹತ್ತು ನಿಮಿಷ ಎಂದದ್ದು ಸುಳ್ಳಾಯಿತು. ಪೆನ್‌ಡ್ರೈವಿನಲ್ಲಿ ತಯಾರಾಗಿಟ್ಟುಕೊಂಡಿದ್ದ ಸಾಫ್ಟ್‌ವೇರು, ಫಾಂಟುಗಳು ಎಲ್ಲವನ್ನೂ ತುಂಬಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು. ರೇಣುಕಪ್ಪನವರು ಮೂರು ಮದುವೆಗಳ ವಿವರವನ್ನು ವಾಟ್ಸಪ್ಪಿನಲ್ಲಿ ಕಳಿಸಿದ್ದರು. ಮೊದಲನೆಯದನ್ನು ತೆರೆದು ಗಣಪತಿಯನ್ನು ಹಿಡಿದು ಎಳೆದೆ. ಎಳೆದ ಕಡೆ ಆಗಲೇ ಬಂದು ಕೂತಿದ್ದ! ನಾನು ಸುಮ್ಮನೆ ಅವನನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಓಡಾಡಿಸಿ ನೋಡಿದೆ, ಬೇಜಾರಿಲ್ಲದೆ ಬಂದ. ಮೂರೂ ಪತ್ರಿಕೆಗಳು ಮಧ್ಯಾಹ್ನದೊಳಗೆ ಪ್ರೆಸ್ಸು ಸೇರಿದವು. ರೇಣುಕಪ್ಪನವರು ಫೋನ್ ಮಾಡಿ, "ಏನ್ ಮೇಡಂ, ಇವನ್ನೆಲ್ಲ ಮೊದಲೇ ಮಾಡಿಟ್ಟಿದ್ರಾ? ಬೇರೆಯವ್ರಿಗೆ ಯಾರಿಗೂ ಹೇಳಲ್ಲ ಬಿಡಿ, ಎಲ್ಲಾ ನಿಮಗೇ ಕಳಿಸ್ತೀನಿ" ಎಂದರು. ಕಳಿಸಿದರು ಕೂಡ. ಫೋನು ಟಿಣ್ ಟಿಣ್ ಎನ್ನುತ್ತಲೇ ಇತ್ತು.

ಆ ಗಲಾಟೆಯ ನಡುವೆ ನನಗೆ ಹೊಳೆದದ್ದು ಇಷ್ಟು. ದುಡ್ಡು ಧಾರಾಳವಾಗಿದ್ದರೆ ನಾನು ಅಂಗಡಿಗೆ ಹೋಗಿ "ಒಳ್ಳೇದು ಕೊಡಿ" ಎಂದು ಹೇಳಿ ಬರುತ್ತಿದ್ದೆ. ಒಳ್ಳೆಯದು ಎಂದರೆ ಯಾರಿಗೆ ಒಳ್ಳೆಯದು ಎಂದು ಕೇಳಿಕೊಳ್ಳುವ ಗೋಜಿರಲಿಲ್ಲ. ಕಡಿಮೆ ಇದ್ದದ್ದರಿಂದ ನಾನು ಏನು ಮಾಡುತ್ತೇನೆ, ಹೇಗೆ ಮಾಡುತ್ತೇನೆ, ನನಗೆ ಯಾವುದು ಬೇಡ ಎಂದು ಮೊದಲೇ ಕೂತು ಯೋಚಿಸಬೇಕಾಯಿತು. ಬೇಡದ್ದನ್ನು ಬೇಡ ಎನ್ನುವ ಧೈರ್ಯ ಒಮ್ಮೆ ಬಂದರೆ ಬೇಕಾದ್ದಕ್ಕೆ ದುಡ್ಡು ಸಾಲುತ್ತದೆ. ಇದನ್ನು ಹೀಗೆ ಬರೆದುಕೊಂಡರೆ ಚೆನ್ನಾಗಿರುತ್ತದೆ ಎಂದು ಯೋಚಿಸುತ್ತಿದ್ದಾಗಲೇ ಫೋನ್ ಮತ್ತೆ ಹೊಡೆದುಕೊಂಡಿತು. ನಾನು ಕೈ ಚಾಚುವಷ್ಟರಲ್ಲಿ ಅತ್ತೆ ಅದನ್ನು ಎತ್ತಿಕೊಂಡರು.

"ರೇಣುಕಪ್ಪನವರಾ? ನಾನು ಅವರತ್ತೆ. ನಿಮ್ಮ ಮದುವೆಗಳೆಲ್ಲಾ ಇಲ್ಲೇ ಆಗ್ತವೆ, ಗಾಬರಿ ಬೀಳ್ಬೇಡಿ. ಕಂಪ್ಯೂಟರ್ ಓಡ್ತಾ ಇದೆ, ಎಷ್ಟು ಬೇಕಾದ್ರೂ ಓಡುತ್ತಂತೆ, ಅದಕ್ಕೇನೂ ಹಸಿವಿಲ್ಲ. ನಮ್ಮ ಹುಡುಗಿ ಬೆಳಗ್ಗೆಯಿಂದ ಏನೂ ತಿಂದಿಲ್ಲ. ಅವಳು ಉಣ್ಲಿ, ಆಮೇಲೆ ಕಳಿಸಿ."

ಫೋನನ್ನು ಮಗುಚಿ ಇಟ್ಟು, ಕೀಬೋರ್ಡನ್ನು ಪಕ್ಕಕ್ಕೆ ಸರಿಸಿ, ನನ್ನ ಮುಂದೆ ತಟ್ಟೆ ಇಟ್ಟರು. ಐವತ್ತು ದಾಟಿದ ಹುಡುಗಿ ನಾನು, ಎದ್ದು ಹೋಗಿ ಕೈ ತೊಳೆದುಕೊಂಡು ಬಂದೆ.